ಹೂ ಕಟ್ಟಿದ ವಾಪಸ್ ಗಾಡಿ

ಬಾಡಿಗೆ ಕಾರಿನ ವಿಷಯದಲ್ಲಿ ನಮ್ಮ ಅಪ್ಪನದು ಒಂದೇ ವಾದ. ಕಾರಿನವನು ಹೋಗುವ ದಾರಿಗಷ್ಟೇ ಅಲ್ಲ, ತಾನು ಖಾಲಿ ವಾಪಸ್ ಬರುವ ದಾರಿಗೂ ನಮ್ಮಿಂದಲೇ ದುಡ್ಡು ಕೀಳುತ್ತಾನೆ. ಹಾಗಿದ್ದ ಮೇಲೆ, ಬೇರೆ ಯಾರೋ ಎರಡೂ ದಾರಿಯ ಬಾಡಿಗೆ ಕೊಟ್ಟು ಬಿಟ್ಟ ಕಾರನ್ನು ವಾಪಸ್ ಹೋಗುವಾಗ ಹಿಡಿದರೆ, ಬಸ್ ಚಾರ್ಜಿಗಿಂತ ಸ್ವಲ್ಪ ಹೆಚ್ಚು ಕೊಟ್ಟು ಸಾಹುಕಾರರ ಹಾಗೆ ಹೋಗಬಹುದು. ಶಿಕಾರಿಪುರದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ ಇದನ್ನು ಹೇಳುವಾಗ ಸರ್ಕಾರಿ ಹುಕುಂ ಓದಿದಂತೆ ಓದುತ್ತಿದ್ದರು. ಅವರ ಕೈ ಎಷ್ಟು ಬಿಗಿ ಎಂದರೆ, ಹೊಸ ಪೈಸೆ ಚಲಾವಣೆಗೆ ಬಂದ ಆ ವರ್ಷ ಅಣೆಯನ್ನು ಪೈಸೆಗೆ ತಿರುಗಿಸುವಾಗ ಅಂಗಡಿಯವನಿಗೆ ಚೂರೂ ಹೆಚ್ಚು ಹೋಗಬಾರದೆಂದು ದಾರಿಯುದ್ದಕ್ಕೂ ಬಾಯಲ್ಲೇ ಲೆಕ್ಕ ಹಾಕುತ್ತಾ ನಡೆಯುತ್ತಿದ್ದರು.

ಆ ಬೇಸಿಗೆ ರಜೆಗೆ ನಾವು ಹೋಗಬೇಕಾಗಿದ್ದದ್ದು ಜಡೆಯ ಕಡೆಗೆ, ನನ್ನ ದೊಡ್ಡತ್ತೆಯ ಮನೆಗೆ. ಅಪ್ಪನ ಅಕ್ಕ ಆಕೆ. ಹೊಳೆ ಎರಡು ಕವಲಾಗಿ ಮತ್ತೆ ಒಂದಾಗುವ ಕಡೆ, ನಡುವೆ ಉಳಿದ ಎತ್ತರದ ನೆಲದ ಮೇಲೆ ಅವರ ಮನೆ ಇತ್ತು. ಮಳೆಗಾಲದಲ್ಲಿ ನಿಜಕ್ಕೂ ನಡುಗಡ್ಡೆ. ಬೇಸಿಗೆಯಲ್ಲಿ ಮೊಣಕಾಲುದ್ದದ ನೀರು ದಾಟಿದರೆ ಆಯಿತು. ಆದರೂ ನಾನು ಗೆಳತಿಯರ ಮುಂದೆ ದ್ವೀಪಕ್ಕೆ ಹೋಗುತ್ತಿದ್ದೇನೆ ಎಂದೇ ಜಂಬ ಕೊಚ್ಚಿದ್ದೆ.

ಬಸ್ಸಿಗೆ ಹೋಗಬಹುದಿತ್ತು, ಆದರೆ ಈ ಸಲ ಅತ್ತೆ ಬರುವವಳಿದ್ದಳು. ಅತ್ತೆ ಅಪ್ಪನ ತಂಗಿ. ಮದುವೆಯಾದ ಎರಡನೆಯ ವರ್ಷಕ್ಕೇ ಗಂಡ ತೀರಿಕೊಂಡು ನಮ್ಮ ಮನೆಗೆ ಬಂದವಳು, ಹಿತ್ತಿಲ ಬಾಗಿಲು ದಾಟಿದ್ದೇ ಕಡಿಮೆ. ಬಸ್ಸಿನ ವಾಸನೆ ಮೂಗಿಗೆ ಬಿದ್ದರೆ ಸಾಕು, ಅವಳ ಹೊಟ್ಟೆ ತೊಳಸುತ್ತಿತ್ತು. ಅಕ್ಕನನ್ನು ನೋಡಿ ಎಷ್ಟೋ ವರ್ಷವಾಗಿತ್ತು. ಬಾಯಿ ಬಿಟ್ಟು ಏನನ್ನೂ ಕೇಳದವಳು ಆ ವರ್ಷ ಅಪ್ಪನ ಮುಂದೆ ನಿಂತು, "ಅಣ್ಣಾ, ಒಂದ್ಸಲ ಅಕ್ಕನ್ನ ನೋಡ್ಬೇಕು," ಎಂದಿದ್ದಳು. ಅಪ್ಪನಿಗೆ ಇಲ್ಲ ಎನ್ನಲಾಗಲಿಲ್ಲ. ಪೂರಾ ಬಾಡಿಗೆ ಕೊಡುವ ಮನಸ್ಸೂ ಬರಲಿಲ್ಲ.

ಮದುವೆಯ ಕಾಲ. ಜಡೆಯ ದಾರಿಯಲ್ಲಿರುವ ಸೊರಬದಿಂದ ದಿಬ್ಬಣದ ಕಾರುಗಳು ಬರುತ್ತಿದ್ದವು. ಅಪ್ಪ ಕಚೇರಿಗೆ ರಜೆ ಹಾಕಿ, ಬಸ್ ಸ್ಟ್ಯಾಂಡಿನ ಎದುರಿನ ಕಾಫಿ ಹೋಟೆಲಿನಲ್ಲಿ ದಿನವೂ ಒಂದೇ ಲೋಟ ಕಾಫಿಯನ್ನು ಸಂಜೆಯವರೆಗೆ ಕುಡಿಯುತ್ತಾ ಕಾದರು. ಮನೆಯಲ್ಲಿ ನಮ್ಮ ಗಂಟುಗಳು ಕಟ್ಟಿದಂತೆಯೇ ಕೂತಿದ್ದವು. ಬಾಚಣಿಗೆ ಬೇಕೆಂದರೂ ಗಂಟು ಬಿಚ್ಚಬೇಕು. "ಸಂಸಾರ ಅಲ್ಲ ಇದು, ಸಂತೆಗೆ ಹೊಂಟೋರ ಬಿಡಾರ," ಎಂದು ಅಮ್ಮ ಮುಖ ಊದಿಸಿಕೊಂಡಿದ್ದಳು.

ಕೊನೆಗೆ ಒಂದು ದಿನ ಇಳಿಹೊತ್ತಿನಲ್ಲಿ ಅಪ್ಪ ಗೆದ್ದ ಮುಖ ಹೊತ್ತು ಮನೆ ಮುಂದೆ ಇಳಿದರು. ಹಿಂದೆ ಒಂದು ಹಳೆಯ ಕಪ್ಪು ಪ್ಲೆಷರ್ ಕಾರು. ಮುಂಭಾಗದ ತುಂಬ ಸೇವಂತಿಗೆ ಮಾಲೆ, ಕಿಟಕಿಗಳಿಗೆ ಬಣ್ಣದ ಕಾಗದದ ಸರ. ಮದುಮಕ್ಕಳನ್ನು ಇಳಿಸಿ ವಾಪಸ್ ಹೊರಟ ಸೊರಬದ ಗಾಡಿ ಅದು.

ಹೊಸಿಲು ದಾಟಿದ ಅತ್ತೆ ಅಲ್ಲೇ ನಿಂತುಬಿಟ್ಟಳು. ಅಮ್ಮನ ಒತ್ತಾಯಕ್ಕೆ ಅಮ್ಮನದೇ ಇಳಕಲ್ ಸೀರೆ ಉಟ್ಟಿದ್ದಳು. ಹಣೆಯ ಮೇಲೆ ಎಂದಿನ ವಿಭೂತಿ ಮಾತ್ರ.

"ಹೂ ಕಟ್ಟಿದ ಗಾಡಿಗೆ ನಾ ಹತ್ತಬಾರ್ದು ಅಣ್ಣಾ. ಹೊಸಾ ಜೋಡಿ ಕುಂತ ಜಾಗ."

"ಅವ್ರು ಇಳಿದು ಹೋದ್ರು. ಈಗ ಅದು ಬರೀ ಸೀಟು. ಹತ್ತು ತಂಗೀ," ಎಂದರು ಅಪ್ಪ. ಆಮೇಲೆ ಡ್ರೈವರ್ ಕಡೆ ತಿರುಗಿ, "ಆ ಹೂವಾದ್ರೂ ಕಿತ್ತು ಹಾಕಪ್ಪ," ಎಂದರು.

"ಎಂತ ಮಾಡದು ಯಜಮಾನ್ರೇ, ನಾಳೆ ಬೆಳಿಗ್ಗೆ ಸೊರಬದಲ್ಲಿ ಇನ್ನೊಂದು ದಿಬ್ಬಣ ಉಂಟು. ಇದೇ ಹೂವು ನಡೀಲಿ ಅಂದಿದಾರೆ ಧಣಿ."

ಉಳಿತಾಯದಲ್ಲಿ ತಮ್ಮನ್ನೂ ಮೀರಿಸಿದವನು ಸಿಕ್ಕಿದನೆಂದು ಅಪ್ಪ ಸೋತು ಕಾರಿನ ಬಾಗಿಲು ತೆಗೆದು ಹಿಡಿದರು. ಅತ್ತೆ ಕಣ್ಣು ಮುಚ್ಚಿ ಕೈಮುಗಿದು ಹತ್ತಿದಳು. ಹಿಂದಿನ ಸೀಟಿನಲ್ಲಿ ಒಂದು ಕಿಟಕಿಗೆ ನಾನು, ನಡುವೆ ಅಮ್ಮ, ಇನ್ನೊಂದು ಕಿಟಕಿಗೆ ಅತ್ತೆ. ಡ್ರೈವರ್ ಹ್ಯಾಂಡಲ್ ಹೊಡೆದ, ಕಾರು ಕೆಮ್ಮಿ ಹೊರಟಿತು.

ಹೊತ್ತು ಮುಳುಗುವ ಹೊತ್ತಿಗೆ, ಉಡುತಡಿಯ ಕಡೆಯ ದಾರಿ ಕೂಡುವಲ್ಲಿ, ಹೆಂಗಸರ ಗುಂಪೊಂದು ಆರತಿ ತಟ್ಟೆ ಹಿಡಿದು ರಸ್ತೆಯ ನಡುವೆಯೇ ನಿಂತಿತ್ತು. ಅವರ ಮನೆಯ ಮದುಮಗಳ ಕಾರು ಬರುವ ಹೊತ್ತಂತೆ. ಹೂವಿನ ಗಾಡಿ ಕಂಡದ್ದೇ ತಡ, "ಬಂತು ಬಂತು" ಎಂದು ಸುತ್ತುವರಿದರು. ಚಕ್ರಕ್ಕೆ ಕೆಂಪು ನೀರು ಬಿತ್ತು. ನನ್ನ ಕಿಟಕಿಯಿಂದ ಒಬ್ಬಾಕೆ ತಲೆ ತೂರಿಸಿ, "ಮದುಮಗಳು ಚೆಂದ ಅದಾಳೆ ಕಣ್ರೇ," ಎಂದು ಹಣೆಗೆ ಕುಂಕುಮ ಒತ್ತಿದಳು. ನನಗಾಗ ಹದಿನೇಳು. ನಾಚಿಕೆಯಾಯಿತು, ಸುಳ್ಳೇಕೆ, ಖುಷಿಯೂ ಆಯಿತು. ಡ್ರೈವರ್ ನಗುತ್ತಾ ಕೂತಿದ್ದನೇ ಹೊರತು ಬಾಯಿ ಬಿಡಲಿಲ್ಲ. ಅಪ್ಪ "ಅಲ್ರೀ, ಅಲ್ರೀ" ಎನ್ನುತ್ತಿದ್ದದ್ದು ಆ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ.

ಅತ್ತ ಕಡೆಯ ಕಿಟಕಿಗೆ ಬಂದವಳು ಒಬ್ಬ ಮುದುಕಿ. ಕಣ್ಣು ಮಂಜಾಗಿತ್ತೋ ಏನೋ. ಸೆರಗು ಹೊದ್ದು ಮುದುರಿ ಕೂತಿದ್ದ ಅತ್ತೆಯ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ಅಮ್ಮ ಕೈ ಚಾಚುವುದರೊಳಗೆ ವಿಭೂತಿಯ ಕೆಳಗೆ ಅಗಲವಾಗಿ ಕುಂಕುಮ ಹಚ್ಚಿಬಿಟ್ಟಿದ್ದಳು.

"ಮುತ್ತೈದಿ ತಾಯಿ, ನಮ್ಮ ಹುಡುಗಿ ನಿನ್ನಂಗೆ ಬಾಳಲಿ ಅಂತ ಹರಸವ್ವಾ."

ಅತ್ತೆ ಆ ಮುದುಕಿಯ ಮುಖವನ್ನೇ ನೋಡುತ್ತಿದ್ದಳು. ಆಮೇಲೆ, "ನನಗಿಂತ ಚೆನ್ನಾಗಿ ಬಾಳಲಿ," ಎಂದಳು.

ಅಷ್ಟರಲ್ಲಿ ಅಪ್ಪ ಇಳಿದು ನಿಂತು ಕೂಗಿ ಹೇಳಿದರು. ಇದು ಖಾಲಿ ವಾಪಸ್ ಗಾಡಿ ಎಂದು ತಿಳಿದು ಹೆಂಗಸರು ಹೊಟ್ಟೆ ಹಿಡಿದು ನಕ್ಕು ದಾರಿ ಬಿಟ್ಟರು. ಕಾರು ಮುಂದೆ ಹೋಯಿತು. ಸ್ವಲ್ಪ ದೂರ ಹೋದ ಮೇಲೆ ಅಮ್ಮ ಸೆರಗಿನ ತುದಿ ಹಿಡಿದು ಮೆಲ್ಲಗೆ, "ಒರೆಸ್ಲಾ ತಂಗೀ?" ಎಂದಳು.

"ಇರ್ಲಿ ಬಿಡ್ರಿ ಅತ್ತಿಗೇ. ಸೊರಬದ ತನಕ."

ಮುಂದೆ ಕೂತಿದ್ದ ಅಪ್ಪನಿಗೆ ಅದು ಕೇಳಿಸಿತು. ಅವರ ಕಿವಿ ಅಲುಗಿದ್ದನ್ನು ನಾನು ಹಿಂದಿನಿಂದ ನೋಡಿದೆ. ಶಿರಾಳಕೊಪ್ಪ ದಾಟಿತು. ಅತ್ತೆಯ ಸೆರಗು ಗಾಳಿಗೆ ಜಾರಿ ಹೆಗಲಿಗೆ ಬಿತ್ತು, ಅವಳು ಎಳೆದುಕೊಳ್ಳಲಿಲ್ಲ. ಮೂವತ್ತೂ ತುಂಬದ ಹೆಂಗಸು ಅವಳು ಎನ್ನುವುದು ನನಗೆ ಆವತ್ತೇ ತಿಳಿದದ್ದು. ಅಲ್ಲಿಯವರೆಗೆ ನಾನು ಅವಳನ್ನು ಮುದುಕರ ಲೆಕ್ಕಕ್ಕೆ ಸೇರಿಸಿದ್ದೆ.

ಸೊರಬದ ಬಸ್ ಸ್ಟ್ಯಾಂಡಿನಲ್ಲಿ ದೀಪ ಹಚ್ಚಿದ್ದರು. ಜಡೆಯ ಕೊನೆಯ ಬಸ್ಸು ನಿಂತಿತ್ತು. ಅಲ್ಲಿಂದ ಮುಂದಿನ ತುಂಡು ದಾರಿಗೆ ಬಸ್ಸು ಸಾಕೆಂದು ಅಪ್ಪ ಮೊದಲೇ ಗೊತ್ತು ಮಾಡಿದ್ದರು. ಅಪ್ಪ, ಅಮ್ಮ, ನಾನು ಇಳಿದೆವು. ಅಮ್ಮ ನಲ್ಲಿಯಿಂದ ಚೊಂಬಿನಲ್ಲಿ ನೀರು ತಂದಳು. ಕಾರಿನೊಳಗೇ ಇದ್ದ ಅತ್ತೆ ಸೆರಗನ್ನು ಮತ್ತೆ ಹಣೆಯ ಮೇಲೆ ಎಳೆದುಕೊಂಡು, ನೀರಿಗೆ ಕೈ ಚಾಚಿದಳು.

ಅಪ್ಪ ಅವಳನ್ನೇ ನೋಡುತ್ತಾ ನಿಂತಿದ್ದರು. ನಂತರ ಅಮ್ಮನ ಕೈಯಿಂದ ಚೊಂಬು ತೆಗೆದುಕೊಂಡು ನೀರನ್ನು ನೆಲಕ್ಕೆ ಚೆಲ್ಲಿದರು.

"ಜಡೆ ಹೊಳೆ ತನಕ ಬಿಡಪ್ಪ," ಎಂದರು ಡ್ರೈವರಿಗೆ.

"ಅಲ್ಲಿಂದ ನಾನು ಖಾಲಿ ಬರ್ಬೇಕಲ್ಲ ಯಜಮಾನ್ರೇ. ಎರಡೂ ಕಡೆ ಬಾಡಿಗೆ ಕೊಡ್ಬೇಕಾಗ್ತದೆ."

"ಕೊಡ್ತೀನಿ. ನಡಿ."

ಎಷ್ಟು ಎಂದು ಕೂಡ ಕೇಳಲಿಲ್ಲ. ಅಮ್ಮ ಕಣ್ಣು ಕಣ್ಣು ಬಿಟ್ಟಳು. ನಾನು ಎರಡು ಸಲ ಅಪ್ಪನ ಮುಖ ನೋಡಿದೆ.

ಜಡೆ ದಾಟಿ ಗಾಡಿದಾರಿಯಲ್ಲಿ ಕುಲುಕುತ್ತಾ ಹೊಳೆಯ ದಂಡೆ ಮುಟ್ಟುವಾಗ ಪೂರ್ತಿ ಕತ್ತಲಾಗಿತ್ತು. ದಾರಿಯುದ್ದಕ್ಕೂ ಅತ್ತೆ ಕಿಟಕಿಗೆ ಮುಖ ಕೊಟ್ಟು ಕೂತಿದ್ದಳು. ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ, ಕೇಳುವ ಧೈರ್ಯವೂ ನನಗಿರಲಿಲ್ಲ. ಆಚೆ ದಡದಲ್ಲಿ ದೊಡ್ಡತ್ತೆಯ ಮನೆಯ ಬೆಳಕು ಕಂಡಿತು. ಕಾರಿನ ಸದ್ದಿಗೆ ನಾಯಿ ಬೊಗಳಿತು.

ಅತ್ತೆ ನಮಗಿಂತ ಮೊದಲೇ ಇಳಿದು, ಕಾರಿನ ದೀಪದ ಬೆಳಕಿನಲ್ಲಿ ನೀರಿನ ಅಂಚಿಗೆ ಹೋಗಿ, ನಮಗೆ ಬೆನ್ನು ಮಾಡಿ ನಿಂತಳು. ಕುಂಕುಮ ತೊಳೆಯಲು ಬಗ್ಗಲಿಲ್ಲ. ಆಚೆ ದಡದವರಿಗೂ, ಈಚೆಯ ನಮಗೂ ಅವಳು ಸ್ಪಷ್ಟವಾಗಿ ಕಾಣುತ್ತಿದ್ದಳು.

"ದೀಪ ಆರಿಸಪ್ಪ," ಎಂದರು ಅಪ್ಪ.

"ಹೊಳೆ ದಾಟೋರಿಗೆ ಕತ್ತಲಾಗ್ತದೆ ಯಜಮಾನ್ರೇ."

"ಆಗ್ಲಿ."

ಡ್ರೈವರ್ ದೀಪ ಆರಿಸಿದ. ಕತ್ತಲಲ್ಲಿ ಅತ್ತೆ ಮುಖ ತೊಳೆಯುವ ಸದ್ದು ಕೇಳಿಸತೊಡಗಿತು. ಅದು ನಿಲ್ಲುವವರೆಗೆ ಅಪ್ಪ ಹಣ ಕೊಡಲು ಜೇಬಿಗೆ ಕೈ ಹಾಕಲಿಲ್ಲ.