ಹಿಂದಿನ ಸೀಟಿನ ಎಡಗಡೆ

ನಿಮ್ಮಲ್ಲಿ ದೊಡ್ಡವಳು ಇನ್ನೂ ಅವ್ವನ ಹೊಟ್ಟೆಯಲ್ಲಿದ್ದಾಗ, ಮಗಳ ಬಾಣಂತನಕ್ಕೆಂದು ನಾನು ಊರಿನಿಂದ ಕೋಲ್ಕತ್ತಾಕ್ಕೆ ಬಂದೆ. ನಿಮ್ಮ ಅಪ್ಪ ಅವ್ವ ಇಬ್ಬರೂ ಸಾಲ್ಟ್ ಲೇಕ್ ಕಡೆ ಕಂಪ್ಯೂಟರ್ ಕಂಪನಿಗಳಲ್ಲಿದ್ದರು. ಮನೆ ಜಾದವ್‌ಪುರದಲ್ಲಿ.

ಹೆರಿಗೆಯ ಹೊತ್ತಿಗೆ ಇರಲಿ ಎಂದು ನಿಮ್ಮ ಅಪ್ಪ ಒಂದು ಹಳೆಯ ಕಾರು ಕೊಂಡಿದ್ದರು. ಮಾರಿದವರು ಒಂಟಿ ಮುದುಕರು. ಇಷ್ಟು ವರ್ಷ ತಾವೊಬ್ಬರೇ ಓಡಿಸಿದ್ದು, ಹಿಂದೆ ಯಾರೂ ಕೂತೇ ಇಲ್ಲ ಎಂದಿದ್ದರಂತೆ. ಸೀಟುಗಳು ಚರ್ಮದವು. ಮುಂದಿನವು ಬೇಸಿಗೆಯ ಎರೆಹೊಲದಂತೆ ಬಿರುಕು ಬಿಟ್ಟಿದ್ದವು. ಹಿಂದಿನದಕ್ಕೆ ಬಿರುಕಿರಲಿಲ್ಲ, ಬಣ್ಣವಷ್ಟೇ ಮಾಸಿತ್ತು. ಆದರೆ ಎಡಗಡೆ, ತಲೆ ಆನಿಸುವಲ್ಲಿ, ಒಂದು ಕಪ್ಪು ಕಲೆ ಇತ್ತು.

ನಿಮ್ಮ ಅಪ್ಪ ಬಿರುಕು ತುಂಬುವ ಲೇಪ, ಉಪ್ಪುಕಾಗದ, ಇಟ್ಟಿಗೆ ಬಣ್ಣದ ಡಬ್ಬಿ ತಂದು ಒಂದು ಭಾನುವಾರ ಕೆಲಸ ತೋರಿಸಿಕೊಟ್ಟರು. ಮರುದಿನದಿಂದ ಅವರಿಗೆ ಬಿಡುವಿಲ್ಲ. ನೆರೆಯವರ ಭಾಷೆ ಬಾರದ, ಅಳಿಯನೆದುರು ನಾಲಿಗೆ ಏಳದ ನನಗೆ ಆ ಕೆಲಸ ಹಿತವಾಗಿ ಕಂಡಿತು. ಗೋಡೆಗೆ ಸುಣ್ಣ ಬಳಿದ ಕೈ ನನ್ನದು. ಆದರೂ ಒಂದು ತಪ್ಪು ಮಾಡಿದೆ. ನಮ್ಮೂರಲ್ಲಿ ಎತ್ತಿನ ಗಾಡಿಗೆ ಕಟ್ಟುವ ಚರ್ಮದ ಮಿಣಿ ಒಣಗಿದರೆ ಹರಳೆಣ್ಣೆ ತಿಕ್ಕುತ್ತಿದ್ದರು. ಚರ್ಮವೆಲ್ಲ ಒಂದೇ ಎಂದುಕೊಂಡು ಸೀಟುಗಳಿಗೂ ಎಣ್ಣೆ ಕುಡಿಸಿಬಿಟ್ಟೆ. ಮೇಲೆ ಬಳಿದ ಬಣ್ಣ ಹಾಲಿನ ಕೆನೆಯಂತೆ ಎದ್ದು ಬಂತು.

"ಅತ್ತೀ, ಇದು ಚಕ್ಕಡಿ ಅಲ್ರಿ," ಎಂದು ನಿಮ್ಮ ಅಪ್ಪ ನಕ್ಕರು. "ಎಣ್ಣಿ ಇದ್ರ ಬಣ್ಣ ಹಿಡಿಯೂದಿಲ್ಲ."

"ನಾಳಿ ಎತ್ತು ತಂದು ಹೂಡ್ತಾಳ, ನೋಡ್ರಿ," ಎಂದಳು ನಿಮ್ಮ ಅವ್ವ.

ಮೂರು ದಿನ ಸ್ಪಿರಿಟ್ ಹಚ್ಚಿ ಎಣ್ಣೆ ತೆಗೆದೆ. ಲೇಪ ತುಂಬಿ, ಉಜ್ಜಿ, ಸ್ಪಂಜಿನಿಂದ ತೆಳುವಾಗಿ ಬಣ್ಣ ಕೊಟ್ಟೆ. ಎಲ್ಲ ಕಡೆ ಹಿಡಿಯಿತು, ಆ ಕಲೆಯೊಂದನ್ನು ಬಿಟ್ಟು. ಸಂಜೆ ಬಳಿದರೆ ಮುಚ್ಚಿಹೋಗುತ್ತಿತ್ತು. ಮರುದಿನ ಬಿಸಿಲೇರಿದಂತೆ ಮೆಲ್ಲನೆ ಮೇಲೆ ಬರುತ್ತಿತ್ತು. ಒಂದು ತಲೆಯಷ್ಟಗಲ, ಅದರ ಕೆಳಗೆ ತುರುಬಿನಷ್ಟು. ನನ್ನ ಹರಳೆಣ್ಣೆಯೇ ಇರಬೇಕೆಂದು ಮೂಗು ಹತ್ತಿರ ಒಯ್ದೆ. ಕರ್ಪೂರ ಬೆರೆತ ತಲೆಯೆಣ್ಣೆಯ ವಾಸನೆ. ನಮ್ಮ ಮನೆಯಲ್ಲಿ ಯಾರೂ ಅಂಥದನ್ನು ಹಚ್ಚುತ್ತಿರಲಿಲ್ಲ. ಬಿಳಿ ಬಟ್ಟೆ ಹೊದಿಸಿದೆ. ಸಂಜೆಗೆ ಬಟ್ಟೆಯ ಮೇಲೂ ಅದೇ ಗುರುತು.

"ಅವ್ವಾ, ಮತ್ತ ಬಂದೈತಿ," ಎಂದಳು ನಿಮ್ಮ ಅವ್ವ.

"ಎಣ್ಣಿ ಕಲಿ, ಬಿಡ."

"ಹಿಂದ ಯಾರೂ ಕೂತಿಲ್ಲ ಅಂದಾರ. ಮತ್ತ ಇದು ಯಾರ ತಲಿ?"

ನಾನು ಮತ್ತೆ ಸ್ಪಂಜು ಎತ್ತಿಕೊಂಡೆ. ಅವಳ ಮೊದಲ ಬಸಿರು ಐದು ತಿಂಗಳಿಗೇ ಹೋಗಿತ್ತು. ಈ ಸಲ ಅವಳಿಗೆ ಎಲ್ಲದರ ಭಯ. ಹೆರಿಗೆಗೆ ಟ್ಯಾಕ್ಸಿಯಲ್ಲೇ ಹೋಗುತ್ತೇನೆ, ಆ ಗಾಡಿ ಹತ್ತುವುದಿಲ್ಲ ಎಂದು ಹಟ ಹಿಡಿದಳು. ನಾನು ದಿನಾ ಬಳಿದೆ. ಅದು ದಿನಾ ಬಂತು.

ನೋವು ಕಾಣಿಸಿಕೊಂಡ ದಿನ ಊರೆಲ್ಲ ಬಂದ್. ಟ್ಯಾಕ್ಸಿ, ಬಸ್ಸು, ಆಟೋ ಯಾವುದೂ ಇಲ್ಲ. ಬೆಳಿಗ್ಗೆಯಷ್ಟೇ ನಾನು ಆ ಜಾಗಕ್ಕೆ ಇನ್ನೊಂದು ಸಲ ಬಣ್ಣ ಕೊಟ್ಟಿದ್ದೆ, ಆರಿರಲಿಲ್ಲ. ಅವಳು ಕಾರಿನ ಬಾಗಿಲು ಹಿಡಿದು ನಿಂತುಬಿಟ್ಟಳು.

"ಅಲ್ಲಿ ಯಾರೋ ಕೂತಾರವ್ವ."

"ಯಾರೂ ಇಲ್ಲ. ಅಲ್ಲಿ ನಾ ಕೂಡ್ತೀನಿ. ನೀ ನನ್ನ ತೊಡಿ ಮ್ಯಾಲ ತಲಿ ಇಡು."

ಹತ್ತಿ ಕೂತು ಹಿಂದಕ್ಕೆ ಒರಗಿದೆ. ನನ್ನ ತಲೆ ಸರಿಯಾಗಿ ಆ ತಲೆಯ ಜಾಗಕ್ಕೆ ಬಂತು, ತುರುಬು ತುರುಬಿನ ಜಾಗಕ್ಕೆ. ಆ ಗುರುತು ಬಿಟ್ಟವಳು ನನ್ನಷ್ಟೇ ಗಿಡ್ಡ ಹೆಂಗಸು. ನಿಮ್ಮ ಅವ್ವ ಮಲಗಿದಳು, ನಿಮ್ಮ ಅಪ್ಪ ಕಾರು ಹೊರಡಿಸಿದರು. ನಡುರಸ್ತೆಯಲ್ಲಿ ಕ್ರಿಕೆಟ್ ಆಡುತ್ತಿದ್ದವರು ಸರಿದು ದಾರಿ ಬಿಟ್ಟರು. ದಾರಿಯುದ್ದಕ್ಕೂ ನನ್ನ ಕತ್ತಿನ ಹಿಂದೆ ಬೆಚ್ಚಗಿತ್ತು, ಈಗಷ್ಟೇ ಯಾರೋ ಎದ್ದು ಜಾಗ ಬಿಟ್ಟುಕೊಟ್ಟ ಹಾಗೆ.

ಆಸ್ಪತ್ರೆಯಲ್ಲಿ ನರ್ಸ್ ನನ್ನ ತಲೆಯ ಹಿಂಭಾಗ ಮುಟ್ಟಿ ನೋಡಿ ಗಾಬರಿಯಾದಳು. ಅವಳ ಬೆರಳೆಲ್ಲ ಕೆಂಪಾಗಿತ್ತು. ಪೆಟ್ಟಾಗಿಲ್ಲ, ಬಣ್ಣ ಎಂದು ಹೇಳಲು ನನಗೆ ಅವಳ ಮಾತು ಬರಲಿಲ್ಲ. ಸುಮ್ಮನೆ ಸೆರಗಿನಿಂದ ಒರೆಸಿಕೊಂಡೆ. ಮಧ್ಯಾಹ್ನದ ಹೊತ್ತಿಗೆ ನಿಮ್ಮಲ್ಲಿ ದೊಡ್ಡವಳು ಹುಟ್ಟಿದಳು. ತಾಯಿ, ಕೂಸು ಇಬ್ಬರೂ ಗಟ್ಟಿಯಾಗಿದ್ದರು.

ನಾಲ್ಕು ದಿನದ ಮೇಲೆ ಮನೆಗೆ ಕಳಿಸಿದರು. ಕೂಸನ್ನೆತ್ತಿಕೊಂಡು ನಿಮ್ಮ ಅವ್ವ ಕಾರಿನ ಬಾಗಿಲಲ್ಲಿ ನಿಂತಳು. ಹಸಿ ಬಣ್ಣ ನನ್ನ ಕೂದಲಿಗೆ ಹತ್ತಿಕೊಂಡು ಹೋಗಿದ್ದರಿಂದ ಗುರುತು ಮೊದಲಿಗಿಂತ ಸ್ಪಷ್ಟವಾಗಿತ್ತು.

ಅದನ್ನು ಬಹಳ ಹೊತ್ತು ನೋಡಿ ಅವಳು ಕೇಳಿದಳು: "ಇದು ನಿನ್ನ ತಲಿ ಗುರುತಲ್ಲೇನವ್ವ? ಆವತ್ತ ನೀ ಹಸಿ ಬಣ್ಣಕ್ಕ ಒರಗಿದ್ದಿ."

"ಹೂಂ, ನಂದ," ಎಂದೆ.

ಅವಳು ಹತ್ತಿ ಅಲ್ಲೇ ಕೂತಳು. ತಲೆ ಆನಿಸಿ ಕಣ್ಣು ಮುಚ್ಚಿದಳು, ಕೂಸು ಎದೆಯ ಮೇಲೆ. ನಾನು ಮುಂದೆ ಕೂತೆ. ಎದುರಿನ ಸಣ್ಣ ಕನ್ನಡಿಯಲ್ಲಿ ಹಿಂದಿನ ಸೀಟು ಕಾಣುತ್ತಿತ್ತು. ಮನೆ ಮುಟ್ಟುವವರೆಗೂ ನಾನು ಅತ್ತ ಕಣ್ಣು ಹಾಯಿಸಲಿಲ್ಲ.