ಚಾಚಾ ಬೇಡವೆಂದ ಮ್ಯಾಂಡೊಲಿನ್

ಬಲಗೈ ಹೆಬ್ಬೆರಳಿನ ಉಗುರೊಂದನ್ನು ಮಾತ್ರ ಚಾಚಾ ಕತ್ತರಿಸುತ್ತಿರಲಿಲ್ಲ. ದಪ್ಪಗೆ ಹಳದಿಗಟ್ಟಿದ ಆ ಉಗುರಿನಿಂದ ವಾದ್ಯದ ಬೆನ್ನನ್ನು ಟಕ್ಕೆಂದು ಬಡಿದು, ಕಣ್ಣು ಮುಚ್ಚಿ ಕೇಳುತ್ತಿದ್ದರು. ರಂಗಂಪೇಟೆಯಲ್ಲಿ ತಂತಿವಾದ್ಯ ರಿಪೇರಿ ಮಾಡುತ್ತಿದ್ದವರು ನಮ್ಮ ಓಣಿಯ ಅವರೊಬ್ಬರೇ. ಹಳೆಯದನ್ನು ಕೊಳ್ಳುವವರು ಶಹಾಪುರದಿಂದಲೂ ಬಂದು ಅವರನ್ನು ಕೇಳುತ್ತಿದ್ದರು. "ಬಣ್ಣಕ್ಕ ಮರುಳಾಗಬ್ಯಾಡ್ರಿ, ಕಿವಿ ಹಚ್ಚಿ ಕೇಳ್ರಿ" ಅನ್ನುವರು. ಸ್ವಂತ ಅಳಿಯ ಮಾರಲು ತಂದ ಸಿತಾರನ್ನೇ "ಒಳಗ ಹುಳ ಬಿದ್ದಾವ" ಎಂದು ಗಿರಾಕಿಯ ಮುಂದೆ ಹೇಳಿದ ಮಹಾರಾಯರು. ಅಳಿಯ ವರ್ಷವಿಡೀ ಮಾತು ಬಿಟ್ಟಿದ್ದನಂತೆ.

ನಿಜಾಮನ ಆಳ್ವಿಕೆಯ ಕೊನೆಯ ದಿನಗಳು. ನನ್ನ ಗಂಡ ಸರಕಾರದ ವಿರುದ್ಧದ ಕರಪತ್ರಗಳನ್ನು ಸುರುಳಿ ಸುತ್ತಿ, ಗೋಡೆಗೆ ತೂಗಿದ್ದ ಅಜ್ಜನ ಕಾಲದ ಮ್ಯಾಂಡೊಲಿನ್ನಿನೊಳಗೆ ತುರುಕಿದ್ದರು. ಅದರ ಬೆನ್ನು ಸೋರೆಬುರುಡೆಯಂತೆ ಉಬ್ಬಿತ್ತು, ಒಳಗೆ ಬೇಕಾದಷ್ಟು ಜಾಗ. ಒಂದು ಬೆಳಿಗ್ಗೆ ಪೊಲೀಸ್ ಅಮೀನ ಮನೆಗೇ ಬಂದ. ನನ್ನ ಜೀವ ಬಾಯಿಗೆ ಬಂತು. ಅವನು ಬಂದದ್ದು ಮಗಳಿಗೆಂದು ಆ ಮ್ಯಾಂಡೊಲಿನ್ ಕೊಳ್ಳಲು! ಪರೀಕ್ಷಿಸಲು ಚಾಚಾರನ್ನೂ ಕರೆತಂದಿದ್ದ. ಕೊಡುವುದಿಲ್ಲ ಎನ್ನುವ ಧೈರ್ಯ ಯಾರಿಗಿತ್ತು?

ಚಾಚಾ ಬಡಿದರು. ಸದ್ದು ಮೊಂಡಾಗಿತ್ತು. ತಂತಿಗಳ ಕೆಳಗಿನ ರಂಧ್ರಕ್ಕೆ ಕಣ್ಣಿಟ್ಟರು. ಆಮೇಲೆ ನನ್ನ ಗಂಡನ ಮುಖ ನೋಡಿದರು.

"ತಗೋಬಹುದೇನು?" ಅಮೀನ ಕೇಳಿದ.

ತಂತಿಗಳನ್ನು ಎತ್ತಿ ಹಿಡಿಯುವ ಪುಟ್ಟ ಕಟ್ಟಿಗೆಯನ್ನು ಕುದುರೆ ಅನ್ನುತ್ತಾರೆ. ಅದನ್ನು ಅಂಟಿಸಿರುವುದಿಲ್ಲ, ಸರಿದರೆ ಸ್ವರ ಕೆಡುತ್ತದೆ. ಧೂಳು ಒರೆಸುವವರಂತೆ ಚಾಚಾ ಅದನ್ನು ಅಂಗೈ ಮರೆಯಲ್ಲಿ ಚೂರು ಸರಿಸಿ, ಮೇಲಿನ ಸ್ವರಗಳನ್ನು ನುಡಿಸಿದರು. ಬರೀ ಅಪಸ್ವರ, ಕಿವಿಗೊಟ್ಟು ಕೇಳಲಾಗುತ್ತಿರಲಿಲ್ಲ.

"ಬ್ಯಾಡ್ರಿ ಸಾಬ್. ಕುತ್ತಿಗಿ ಬಾಗೇದ. ಇದು ಎಂದೂ ಶ್ರುತಿ ಕೂಡಂಗಿಲ್ಲ. ಬೇಟಿಗಿ ಛಲೋದು ನಾ ಹುಡುಕಿ ಕೊಡ್ತೀನಿ."

ಅಮೀನ ಮುಖ ಸಿಂಡರಿಸಿ ಹೊರನಡೆದ. ಚಾಚಾ ಒಂದು ಗಳಿಗೆ ಹಿಂದುಳಿದು, ಕುದುರೆಯನ್ನು ಮೊದಲಿನ ಜಾಗಕ್ಕೆ ತಂದು, "ಆ ಕಾಗದ ಇವತ್ತ ಸುಡ್ರಿ" ಎಂದಷ್ಟೇ ಹೇಳಿದರು.

ಕೆಲವು ತಿಂಗಳಲ್ಲಿ ನಿಜಾಮನ ರಾಜ್ಯ ಬಿತ್ತು. ಈಗ ಗುಂಪುಗಳು ಮುಸಲ್ಮಾನರ ಮನೆಗಳನ್ನು ಹುಡುಕತೊಡಗಿದವು. ಗಂಡ ಊರಲ್ಲಿರಲಿಲ್ಲ. ಮಟಮಟ ಮಧ್ಯಾಹ್ನ ಯಾರೋ ಬಾಗಿಲು ಬಡಿದರು.

"ಬೇಟಿ, ನಾ ಚಾಚಾ ಅದೀನಿ. ಬಾಗಲಾ ತಗಿಯವ್ವಾ."

ಓಣಿಯ ತುದಿಯಲ್ಲಿ ಗದ್ದಲ ಕೇಳಿಸುತ್ತಿತ್ತು. ತೊಟ್ಟಿಲಲ್ಲಿ ಕೂಸು. ಅಗುಳಿಯ ಮೇಲೆ ಕೈ ಇಟ್ಟೆ, ತೆಗೆಯಲಿಲ್ಲ. ಹೆದರಿದ್ದೆ, ಬೇರೆ ನೆಪ ಹೇಳಲಾರೆ. ಅವರು ಇನ್ನೊಮ್ಮೆ ಕರೆದರು, ಆಮೇಲೆ ಕರೆಯಲಿಲ್ಲ.

ಹೈದರಾಬಾದಿಗೆ ಹೋದರೆಂದು ಕೆಲವರು, ದಾರಿಯಲ್ಲೇ ಸತ್ತರೆಂದು ಕೆಲವರು ಹೇಳಿದರು. ಗಂಡ ಸಗರ, ಗುರುಮಠಕಲ್‌ವರೆಗೂ ಹೋಗಿ ಹುಡುಕಿ ಬಂದರು. "ಚಾಚಾ ನಮ್ಮನಿಗೆ ಯಾಕ ಬರಲಿಲ್ಲ?" ಎಂದು ಸಾಯುವವರೆಗೂ ನನ್ನನ್ನು ಕೇಳುತ್ತಿದ್ದರು.