ಅಜ್ಜಿಯ ದನಿಯಲ್ಲಿ ನಾನು ಹೇಳಿದ್ದು

ಆ ದಿನ ಫೋನಿನಲ್ಲಿ ಮಾತಾಡಿದ್ದು ನಮ್ಮ ಅಜ್ಜಿಯಲ್ಲ, ನಾನು.

ಇಷ್ಟು ಬರೆದು ಎದ್ದುಹೋಗಿದ್ದೆ — ಮತ್ತೆ ಬಂದು ಕೂತಿದ್ದೇನೆ. ಮಿಮಿಕ್ರಿ ನನ್ನ ಹೊಟ್ಟೆಪಾಡು. ಮಕ್ತಲ್, ಧನ್ವಾಡದ ಕಡೆ ಮದುವೆಗಳಲ್ಲಿ ಊಟಕ್ಕೆ ಮುಂಚೆ ಮೈಕು ಹಿಡಿದು ತಹಶೀಲ್ದಾರರಂತೆ ಕೆಮ್ಮುತ್ತೇನೆ, ಬಸ್ಸಿನ ಕಂಡಕ್ಟರನಂತೆ ತೆಲುಗಿನಲ್ಲಿ ಬೈಯುತ್ತೇನೆ, ಕಡೆಗೆ ಡಿಗ್ರಿ ನಪಾಸಾದ ನಾರಾಯಣಪೇಟೆಯ ಹುಡುಗನೊಬ್ಬನಂತೆ ಅಳುತ್ತೇನೆ. ಅವನು ನಾನೇ, ಅದಕ್ಕೇ ಚಪ್ಪಾಳೆ ಹೆಚ್ಚು. ಆದರೆ ಅಜ್ಜಿಯ ದನಿಯನ್ನು ಯಾರ ಮುಂದೆಯೂ ಮಾಡಿದವನಲ್ಲ. ಮಾಡಿದ್ದು ಒಂದೇ ಸಲ. ನನ್ನ ಜೀವಮಾನದ ಒಳ್ಳೆಯ ಮಿಮಿಕ್ರಿ ಅದೇ ಇರಬೇಕು — ಯಾರೂ ನಗಲಿಲ್ಲ.

ಆಗ ನಾನು ಗದ್ವಾಲದಲ್ಲಿ ಸೋದರಮಾವನ ಮನೆಯಲ್ಲಿದ್ದೆ. ಬಸುಮಾಮನದು ಫೋಟೊ ಸ್ಟುಡಿಯೊ. ಹೈದರಾಬಾದಿನಲ್ಲಿ ಯಾರದೋ ಮದುವೆಯ ಫೋಟೊ ತೆಗೆಯಲು ಹೋದವನು ಅವರ ಮನೆಯಲ್ಲೊಂದು ಗಾಜಿನ ಕಡಲು ನೋಡಿ ಮರುಳಾಗಿ ಬಂದ. ತಿಂಗಳೊಪ್ಪತ್ತಿನಲ್ಲಿ ನಮ್ಮ ನಡುಮನೆಯಲ್ಲೂ ಒಂದು ತೊಟ್ಟಿ — ಉಪ್ಪು ಕಲಸಿದ ನೀರು, ಮೇಲೆ ನೀಲಿ ದೀಪ, ಬೆರಳಾಡಿಸುವ ಜೀವಂತ ಹವಳ, ಎರಡು ಕಿತ್ತಳೆ ಬಣ್ಣದ ಮೀನು, ಗಾಜಿನ ಪಾಚಿ ತಿನ್ನಲು ಬಸವನಹುಳುಗಳು. ನೆರೆಮನೆಯ ಶಾಂತಕ್ಕ ಮೂಗಿನ ಮೇಲೆ ಬೆರಳಿಟ್ಟಳು: "ಲಿಂಗ ಕಟ್ಟಿದ ಮನ್ಯಾಗ ಮೀನೇನ್ರೀ ಅಜ್ಜಿ?"

"ತಿನ್ನಾಕಲ್ಲವ್ವ, ನೋಡಾಕ. ನೀವು ಮನಿ ಅಳಿಯನ್ನ ಇಟ್ಕೊಂಡೀರಲ್ಲ, ಹಂಗ," ಅಂದಳು ಅಜ್ಜಿ.

ಅಂಥ ಬಾಯಿ ಅವಳದು. ವಾರಕ್ಕೊಮ್ಮೆ ಒಬ್ಬಳೇ ಬಸ್ಸು ಹತ್ತಿ ಮಕ್ತಲಿನ ತಂಗಿಯ ಮನೆಗೆ ಹೋಗಿ, ಸಂಜೆಗೆ ಎರಡೂ ಊರಿನ ಸುದ್ದಿ ಹೊತ್ತು ಬರುತ್ತಿದ್ದಳು.

ಆ ಬೇಸಿಗೆಯಲ್ಲಿ ಮಾಮ ಶ್ರೀಶೈಲದ ಕಡೆ ಸಾಲು ಮದುವೆಗಳ ಕೆಲಸಕ್ಕೆ ಹೋದ. ಅತ್ತೆ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಮನೆಯಲ್ಲಿ ಅಜ್ಜಿ, ನಾನು, ಕಡಲು.

"ಸೆಕಿಗೆ ನೀರು ಆರತೈತಿ, ಉಪ್ಪು ಉಳೀತೈತಿ. ದಿನಾ ಫಿಲ್ಟರ್ ನೀರಷ್ಟ ತುಂಬು. ಬ್ಯಾರೆ ನೀರು ಒಂದ್ ಹನಿ ಬೀಳಬಾರದು, ತಿಳೀತಾ?" ಎಂದಿದ್ದ ಮಾಮ. "ತಿಳೀತ್ರೀ" ಎಂದು ಅವನದೇ ದನಿಯಲ್ಲಿ ಹೇಳಿ ಬೆನ್ನಿಗೊಂದು ಗುದ್ದು ತಿಂದಿದ್ದೆ.

ಆ ಫಿಲ್ಟರು ಹನಿಹನಿಯಾಗಿ ತೊಟ್ಟಿಕ್ಕುತ್ತಿತ್ತು. ಕರೆಂಟು ಹೋದರೆ ಅದೂ ಇಲ್ಲ. ಕಾಯುವ ತಾಳ್ಮೆ ನನಗೆಲ್ಲಿ? ಅಡುಗೆಮನೆಯ ಮೂಲೆಯಲ್ಲಿ ಅಜ್ಜಿಯ ತಾಮ್ರದ ಕೊಡವಿತ್ತು — ಹಿಂದಿನ ದಿನವೇ ಮಡಿಯಲ್ಲಿ ತುಂಬಿಟ್ಟ, ಲಿಂಗಪೂಜೆಯ ನೀರು. ಅದನ್ನು ಬೇರೆ ಯಾರೂ ಮುಟ್ಟುವಂತಿಲ್ಲ. ತಾಮ್ರದಲ್ಲಿ ನಿಂತ ನೀರಿಗಿಂತ ಶುದ್ಧವಾದದ್ದಿಲ್ಲ ಎಂದು ಹುಟ್ಟಿದಾಗಿನಿಂದ ಕೇಳುತ್ತ ಬಂದವನು ನಾನು. ಮಾಮ ಕೇಳಿದ್ದೂ ಶುದ್ಧ ನೀರನ್ನೇ ಅಲ್ಲವೇ? ಅಜ್ಜಿ ಬಚ್ಚಲಿನಲ್ಲಿರುವ ಹೊತ್ತು ನೋಡಿ ಕೊಡವೆತ್ತಿ ತೊಟ್ಟಿಗೆ ಸುರಿಯುತ್ತಿದ್ದೆ. ಕೊಡಕ್ಕೆ ನಲ್ಲಿ ನೀರು ತುಂಬಿ ಇದ್ದಂತೆ ಮುಚ್ಚಿಡುತ್ತಿದ್ದೆ. ದಿನಾ.

ನಮಗೆ ಅಮೃತವಾದ ತಾಮ್ರ ಕಡಲಿನ ಹುಳುವಿಗೆ ವಿಷ. ಇದು ನನಗೆ ತಿಳಿದದ್ದು ಬಹಳ ತಡವಾಗಿ. ಮೊದಲು ಬಸವನಹುಳುಗಳು ಗಾಜಿನಿಂದ ಜಾರಿ ಬಿದ್ದು ಮಗುಚಿಕೊಂಡವು, ನಿದ್ದೆ ಅಂದುಕೊಂಡೆ. ಆಮೇಲೆ ಗಾಜಿಗೆ ಕಂದು ಧೂಳಿನಂಥ ಪದರ — ಬೆಳಿಗ್ಗೆ ಒರೆಸಿದರೆ ಸಂಜೆಗೆ ಮತ್ತೆ. ಆಮೇಲೆ ಹಸಿರು ಪಾಚಿ, ಕೂದಲಿನಂತೆ ಎಳೆಎಳೆಯಾಗಿ, ಹವಳದ ಬೆರಳುಗಳನ್ನೇ ಸುತ್ತಿಕೊಂಡಿತು. ಪಾಚಿ ತಿನ್ನುವ ಹುಳುಗಳು ಸತ್ತಿದ್ದವು, ಸತ್ತು ಕೊಳೆತದ್ದೇ ಪಾಚಿಗೆ ಗೊಬ್ಬರವಾಗಿತ್ತು. ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆ. ತಿಕ್ಕಿದಷ್ಟೂ ಹರಡಿತು.

ಹೆದರಿ ಮಾಮನಿಗೆ ಫೋಟೊ ಕಳಿಸಿದೆ. ಕೂಡಲೇ ಫೋನು ಬಂತು.

"ಏನ್ ಹಾಕೀಯಲೇ ಅದ್ರಾಗ?"

"ನಾ ಏನೂ ಹಾಕಿಲ್ರೀ ಮಾಮ."

"ಹಂಗಾರ ಅವ್ವ ಏನರ ಹಾಕ್ಯಾಳೇನು? ಕೊಡು ಆಕಿಗೆ."

ಅಜ್ಜಿ ಪೂಜೆಗೆ ಕೂತಿದ್ದಳು — ನಾನು ತುಂಬಿಟ್ಟ ನಲ್ಲಿ ನೀರಿನಲ್ಲೇ. ಕೊಡ ಮುಟ್ಟಿದ್ದು ಹೊರಬಿದ್ದರೆ, ಅಷ್ಟು ದಿನದ ಪೂಜೆ ಕೆಟ್ಟಿತೆಂದು ಅವಳು ಅನ್ನ ಬಿಟ್ಟು ಕೂರುತ್ತಾಳೆ. ಮಾಮ ನನ್ನನ್ನು ಮನೆಯಿಂದ ಅಟ್ಟುತ್ತಾನೆ. ಇಷ್ಟೆಲ್ಲ ಆಗ ಯೋಚಿಸಿದೆನೋ, ಈಗ ಜೋಡಿಸುತ್ತಿದ್ದೇನೋ... ಫೋನನ್ನು ಎದೆಗೊತ್ತಿಕೊಂಡೆ. ಒಂದು ಕೆಮ್ಮು. ಒಂದು "ಶಿವಶಿವಾ". ಆಮೇಲೆ —

"ಬಸೂ, ದೇವರ ಎಡಿ ಅನ್ನ ದಿನಾ ಒಂದೊಂದ್ ಹಿಡಿ ಹಾಕೀನಪಾ. ಅವೂ ಜೀವ ಅಲ್ಲೇನು?"

"ಇರ್ಲಿ ಬಿಡವ್ವ." ಅಷ್ಟು ಮೆತ್ತಗೆ ಮಾಮ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಇಲ್ಲಿಗೇ ನಿಂತಿದ್ದರೆ ಕಿಡಿಗೇಡಿತನವೆನ್ನಬಹುದಿತ್ತು. ಮಾಮ ಬಂದ ದಿನ, ಸತ್ತ ಕಡಲನ್ನು ಬಕೆಟ್ಟುಗಳಲ್ಲಿ ಮೊಗೆದು ಚೆಲ್ಲುತ್ತ, "ಇನ್ಮ್ಯಾಲೆ ಅನ್ನ ಹಾಕಬ್ಯಾಡವ್ವ" ಎಂದ.

"ನಾ ಯಾವಾಗ ಹಾಕೀನಪಾ?"

"ನೀನ ಹೇಳಿದೆಲ್ಲವ್ವ ಫೋನ್ಯಾಗ."

ಅಜ್ಜಿ ನನ್ನತ್ತ ತಿರುಗಿದಳು. ಗದರಿಸಲು ಅಲ್ಲ — ನಿಜಕ್ಕೂ ಕೇಳಲು. "ಹೇಳೀನೇನೋ?"

"ಹೇಳಿದಿ ಅಜ್ಜಿ," ಎಂದೆ. ನನ್ನದೇ ದನಿಯಲ್ಲಿ.

ಅಂದಿನಿಂದ ಅವಳು ತನ್ನ ಮೇಲೆ ತಾನೇ ಕಾವಲು ನಿಂತಳು. ಬಾಗಿಲಿಗೆ ಬೀಗ ಹಾಕಿ, ಬೀದಿಯ ತಿರುವಿನಿಂದ ಮರಳಿ ಬಂದು ಎಳೆದು ನೋಡುವಳು. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ನನ್ನನ್ನು ಕೇಳುವಳು — ನನ್ನನ್ನು! ಶಾಂತಕ್ಕ ಕೊಂಕು ನುಡಿದರೆ ಸೆರಗು ಹೊದ್ದು ಒಳಗೆ ಹೋಗುವಳು. "ಇಳಿಯೋದು ಮರೆತ್ರ ಹೆಂಗವ್ವ?" ಎಂದು ಮಾಮ ಮಕ್ತಲಿನ ಪಯಣ ನಿಲ್ಲಿಸಿದ. ತಂಗಿಯೇ ಮೊಣಕಾಲು ಹಿಡಿದುಕೊಂಡು ಗದ್ವಾಲಕ್ಕೆ ಬಂದು ಹೋಗತೊಡಗಿದಳು. ಕೆಲವು ವರ್ಷಗಳ ಮೇಲೆ ಒಂದು ದಿನ ಅಜ್ಜಿ ಒಲೆಯ ಮೇಲೆ ಹಾಲಿಟ್ಟು ನಿಜವಾಗಿಯೇ ಮರೆತಳು. ಪಾತ್ರೆ ಸೀದು ಕರಕಲಾಯಿತು. ಒಲೆಯ ಹತ್ತಿರ ಹೋಗಬೇಡಿರೆಂದು ಅತ್ತೆ ಹೇಳಿದಳು. ದೇವರ ಎಡೆಯನ್ನೂ ಅಂದಿನಿಂದ ಅತ್ತೆಯೇ ಬೇಯಿಸುತ್ತಾಳೆ.

ಸಂಶಯವೇ ಮರೆವನ್ನು ತಂದಿತೋ, ವಯಸ್ಸೇ ತಂದಿತೋ — ನನಗೆ ಗೊತ್ತಿಲ್ಲ. ಗೊತ್ತಾಗುವ ದಾರಿಯನ್ನೇ ನಾನು ಮುಚ್ಚಿದ್ದೆ.

ಈ ಶಿವರಾತ್ರಿ ಕಳೆದ ಮರುದಿನ ಹೇಳಿದೆ. ಅಜ್ಜಿ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. "ಅಜ್ಜಿ, ಅವತ್ತು ಫೋನ್ಯಾಗ ಮಾತಾಡಿದ್ದು ನೀನಲ್ಲ, ನಾನು. ಅನ್ನ ಯಾರೂ ಹಾಕಿರಲಿಲ್ಲ. ನಿನ್ನ ಮಡಿ ಕೊಡದ ನೀರು ನಾನ ಸುರುವಿದ್ದೆ."

ಅವಳ ಕೈ ನಿಂತಿತು. ಬೈಗುಳಕ್ಕೆ ಕಾದೆ. ಅವಳ ಮುಖದಲ್ಲಿ ಮೂಡಿದ್ದು ಸಿಟ್ಟಲ್ಲ, ಬೇರೇನೋ. ಅದು ಆಸೆ ಎಂದು ತಿಳಿಯಲು ನನಗೆ ಅವಳ ಮಾತೇ ಬೇಕಾಯಿತು.

"ಹಂಗಾರ ಹಾಲು ಸೀದದ್ದು? ಅದೂ ನಿನ್ನ ಕೆಲಸನಾ?"

ಹೌದು ಅನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಅವಳು ಅಷ್ಟು ಬೇಡುವ ಕಣ್ಣಿನಿಂದ ನೋಡುತ್ತಿದ್ದಳು —

"ಇಲ್ಲಜ್ಜಿ. ಅದು ನಾನಲ್ಲ."

ಮೊರ ಮತ್ತೆ ಆಡತೊಡಗಿತು. ಆಡಿಸುತ್ತಲೇ ಕೇಳಿದಳು, "ಬಸುಗ ಹೇಳೀಯೇನು?"

"ಇಲ್ಲ."

"ಹೇಳು. ಹಾಲಿಂದು ನಂದು, ಅನ್ನದ್ದು ನಿಂದು. ಎರಡೂ ಕಲಸಬ್ಯಾಡಂತ ಹೇಳು."

ಸಂಜೆ ಮಾಮ ಸ್ಟುಡಿಯೊ ಮುಚ್ಚಿ ಬಂದ ಮೇಲೆ, ಅವಳು ಹೇಳಿದ ಹಾಗೆಯೇ ಹೇಳಿದೆ. ಅವನು ಹೊಡೆಯಲಿಲ್ಲ. ಎದ್ದು ಅವಳ ಕೋಣೆಯವರೆಗೆ ಹೋಗಿ ಬಾಗಿಲಲ್ಲೇ ನಿಂತುಬಿಟ್ಟ. ನನ್ನ ಸುಳ್ಳು ನಂಬಿ ಮಕ್ತಲಿನ ಬಸ್ಸು ತಪ್ಪಿಸಿದವನಿಗೆ ತನ್ನ ತಾಯಿಯ ಮುಂದೆ ಹೋಗಿ ಕೂರಲು ಮುಖವಿರಲಿಲ್ಲ. ಆ ನಾಚಿಕೆಯನ್ನೂ ಅವನಿಗೆ ತಂದಿಟ್ಟವನು ನಾನೇ.